ಕಡಲು ಬರಿಯ ನೋಟವೇ?

ಕಡಲತಡಿಯ ಸಣ್ಣ ಊರುಗಳನ್ನು ಹೊಗಳುವವರಿಗೆಲ್ಲ ಈಚಿನ ವರ್ಷಗಳಲ್ಲಿ ಒಂದು ಮಾತು ಕೈವಶವಾಗಿದೆ. ‘ನಿರಾಳವಾದ ಊರು’ ಎಂಬುದೇ ಆ ಮಾತು. ದಕ್ಷಿಣ ಕನ್ನಡದ ಮುಲ್ಕಿಗೂ ಅದರ ಮಗ್ಗುಲಿನ ಸಸಿಹಿತ್ಲಿಗೂ ಈ ಬಿರುದು ಸಂದು ಬಹಳ ದಿನಗಳಾದವು. ಅಲ್ಲಿ ಸರ್ಫಿಂಗ್ ಉಂಟು. ಹಲಗೆಯ ಮೇಲೆ ನಿಂತು ಅಲೆಯನ್ನೇರಿ ದಡದತ್ತ ಬರುವ ಆಟ. ಹೊಳೆಯುಂಟು, ತೆಂಗಿನ ತೋಟವುಂಟು, ಉದ್ದಕ್ಕೆ ಚಾಚಿದ ಮರಳಿನ ದಂಡೆಯುಂಟು. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ, ಶನಿವಾರ ಬೆಳಿಗ್ಗೆ ಅಲ್ಲಿ ಇಳಿದು, ಎರಡು ದಿನ ಕಾಲು ಚಾಚಿ ಕುಳಿತು, ಸೋಮವಾರ ಕಚೇರಿಯ ಹೊತ್ತಿಗೆ ಹಿಂತಿರುಗಿದರೆ ವರ್ಷದ ಆಯಾಸವೆಲ್ಲ ಇಳಿದುಹೋಗುತ್ತದೆಂದು ಹೋಗಿ ಬಂದವರು ಬರೆಯುತ್ತಾರೆ. ಹೋಗದವರು ಅದನ್ನೋದಿ ನಿಟ್ಟುಸಿರು ಬಿಡುತ್ತಾರೆ.

ದಣಿದವರು ವಿಶ್ರಾಂತಿ ಬಯಸುವುದು ತಪ್ಪಲ್ಲ. ಪಟ್ಟಣದ ಬಾಳು ಎಂಥವರನ್ನೂ ದಣಿಸುವಂಥದೇ. ನನ್ನ ತಕರಾರು ಆ ಒಂದು ಮಾತಿನ ಮೇಲೆ. ಅದು ಸುಳ್ಳು ಮಾತು. ಸುಳ್ಳುಗಳಲ್ಲಿ ನಿರುಪದ್ರವಿಯಾದ ಜಾತಿಗೆ ಸೇರಿದ್ದೂ ಅಲ್ಲ. ಊರು ನಿರಾಳವೆಂದ ಮೇಲೆ ಅದರ ಕಡಲೂ ನಿರಾಳವೆಂದು ತಿಳಿಯುವುದು ಮನುಷ್ಯಸಹಜ. ಹಾಗೆ ತಿಳಿದು ನೀರಿಗಿಳಿದವರ ಹೆಣಗಳನ್ನು ನಮ್ಮ ಕರಾವಳಿಯ ಜನ ವರ್ಷವರ್ಷವೂ ದಡಕ್ಕೆ ಎಳೆಯುತ್ತಿದ್ದಾರೆ. ಆದಕಾರಣ ಈ ಮಾತನ್ನು ಸ್ವಲ್ಪ ಒರೆಗೆ ಹಚ್ಚಿ ನೋಡಬೇಕಾಗಿದೆ.

ಮೊದಲು ಊರಿನ ವಿಚಾರ. ಮುಲ್ಕಿ ನಿರಾಳವಾಗಿದ್ದುದು ಯಾವ ಕಾಲದಲ್ಲಿ? ಕೆನರಾ ಬ್ಯಾಂಕಿಗೆ ಮೂಲವಾದ ನಿಧಿಯನ್ನು 1906ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಅಮ್ಮೆಂಬಳ ಸುಬ್ಬರಾವ್ ಪೈಗಳು 1852ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಇಲ್ಲಿನ ಬಪ್ಪನಾಡಿನ ದುರ್ಗಾಪರಮೇಶ್ವರಿಯ ಸ್ಥಳಪುರಾಣದಲ್ಲಿ ಬರುವ ಬಪ್ಪ ಬ್ಯಾರಿಯೂ ಶಾಂಭವಿ ಹೊಳೆಯಲ್ಲಿ ಸರಕು ಸಾಗಿಸುತ್ತಿದ್ದ ಮುಸಲ್ಮಾನ ವರ್ತಕ. ವ್ಯಾಪಾರ, ಲೆಕ್ಕ, ದುಡಿಮೆ ಇವೇ ಈ ಊರಿನ ಹಳೆಯ ಗುಣಗಳು. ಇನ್ನು ಮೊಗವೀರರ ಕೇರಿಗಳ ಮಾತನ್ನು ಹೇಳಲೇಬೇಕಾಗಿಲ್ಲ. ಬೆಳಕು ಹರಿಯುವ ಮುನ್ನ ದೋಣಿಗಳು ಅಳಿವೆ ದಾಟಿರುತ್ತವೆ. ಹೆಂಗಸರು ಬುಟ್ಟಿ ಹೊತ್ತು ಹೊರಟಿರುತ್ತಾರೆ. ಜೂನ್ 1ರಿಂದ ಜುಲೈ 31ರ ತನಕ, ಅರವತ್ತೊಂದು ದಿನ, ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷಿದ್ಧ; ಆ ದಿನಗಳಲ್ಲಿಯೂ ಕುಳಿತುಣ್ಣುವಂತಿಲ್ಲ. ಬಲೆ ಹೆಣೆಯಬೇಕು, ದೋಣಿ ದುರಸ್ತಿ ಮಾಡಬೇಕು, ನಾಡದೋಣಿಯಿದ್ದವರು ಮಳೆಗಾಲದ ಕಡಲಿನ ಮುಖ ನೋಡಿ, ತುಸು ಇಳಿದಿದೆಯೆಂದು ಕಂಡ ದಿನ ಪ್ರಾಣವನ್ನು ಅಂಗೈಯಲ್ಲಿ ಹಿಡಿದು ಹೋಗಬೇಕು. ನಾವು ಎಂಟು ಗಂಟೆಗೆ ಎದ್ದು ಕಾಫಿ ಕುಡಿದು ದಂಡೆಗೆ ಬರುವಾಗ ಅವರ ಅರ್ಧ ದಿನ ಮುಗಿದಿರುತ್ತದೆ. ದುಡಿದು ಬಂದು ನೆರಳಲ್ಲಿ ಕುಳಿತವನನ್ನು ಕಂಡು, ‘ಆಹಾ, ಎಂಥ ನಿರಾಳವಾದ ಜನ!’ ಎಂದು ನಾವು ತಲೆದೂಗುತ್ತೇವೆ. ಇದು ನೋಡಿದವರ ಅಜ್ಞಾನವೇ ಹೊರತು ನೋಡಿಸಿಕೊಂಡವರ ಗುಣವಲ್ಲ.

ಸರಿ, ಊರಿನವರು ದುಡಿಯುತ್ತಾರೆ; ಆದರೆ ಆ ಸರ್ಫಿಂಗ್‌ನವರಾದರೂ ನಿರಾಳ ಜೀವಿಗಳಲ್ಲವೇ ಎಂದು ವಾಚಕರು ಕೇಳಬಹುದು. ಉದ್ದಗೂದಲು, ಬಿಸಿಲಿಗೆ ಕಂದಿದ ಮೈ, ಬಗಲಲ್ಲಿ ಬಣ್ಣದ ಹಲಗೆ, ಕೈಗಡಿಯಾರದ ಹಂಗಿಲ್ಲದ ದಿನಚರಿ, ಇದು ಚಲನಚಿತ್ರಗಳು ನಮಗೆ ಕೊಟ್ಟ ಚಿತ್ರ. ಮುಲ್ಕಿಯಲ್ಲಿ ನಡೆದುದನ್ನು ನೋಡಿದರೆ ಈ ಚಿತ್ರ ನಿಲ್ಲುವುದಿಲ್ಲ.

ಭಾರತದ ಮೊತ್ತಮೊದಲ ಸರ್ಫಿಂಗ್ ಸಂಘವೆಂದು ಹೆಸರಾದ ಮಂತ್ರ ಸರ್ಫ್ ಕ್ಲಬ್ ಮುಲ್ಕಿಯಲ್ಲಿ 2004ರಲ್ಲಿ ಹುಟ್ಟಿತು. ಅದರ ಹಿಂದಿದ್ದವರು ಜ್ಯಾಕ್ ಹೆಬ್ನರ್ ಎಂಬವರು. ಅಮೆರಿಕದವರು, ವೈಷ್ಣವ ಸಂನ್ಯಾಸ ಪಡೆದು ಸ್ವಾಮಿ ನರಸಿಂಗ ಎನಿಸಿಕೊಂಡವರು. ಆಶ್ರಮದ ಶಿಸ್ತೂ ಅಲೆಯ ಆಟವೂ ಒಂದೇ ಸೂರಿನಡಿ ಬೆಳೆದವು. ಕರಾವಳಿಯ ಹುಡುಗರು ಅಲ್ಲಿ ಕಲಿತರು, ಕಲಿತವರು ಕಲಿಸುವವರಾದರು. 2016ರ ಮೇ ತಿಂಗಳಲ್ಲಿ ‘ಇಂಡಿಯನ್ ಓಪನ್ ಆಫ್ ಸರ್ಫಿಂಗ್’ ಎಂಬ ರಾಷ್ಟ್ರೀಯ ಪಂದ್ಯ ಸಸಿಹಿತ್ಲಿನಲ್ಲಿ ನಡೆಯಿತು. ಒಲಿಂಪಿಕ್ ಪಂದ್ಯಗಳಲ್ಲಿ ಈ ಆಟಕ್ಕೆ ಮೊದಲ ಬಾರಿ ಸ್ಥಾನ ದೊರೆತದ್ದು ಟೋಕಿಯೋದಲ್ಲಿ, 2021ರಲ್ಲಿ. 2025ರ ಆಗಸ್ಟ್‌ನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸ್ಪರ್ಧೆಯಲ್ಲಿ ರಮೇಶ್ ಬೂದಿಹಾಳ್ ಕಂಚಿನ ಪದಕ ಗಳಿಸಿದರು. ಇದೆಲ್ಲ ಸೋಮಾರಿಗಳಿಂದ ಆದ ಕೆಲಸವೆಂದು ಯಾರಾದರೂ ನಂಬುವುದುಂಟೆ?

ಆಟದ ಕ್ರಮವನ್ನೇ ನೋಡಿ. ಹೊಸದಾಗಿ ಕಲಿಯಬಂದವನನ್ನು ಒಡನೆಯೇ ನೀರಿಗೆ ಬಿಡುವುದಿಲ್ಲ. ಈಜು ಬರುತ್ತದೆಯೇ ಎಂದು ಕೇಳುತ್ತಾರೆ. ಮರಳಿನ ಮೇಲೆ ಹಲಗೆಯಿಟ್ಟು, ಅದರ ಮೇಲೆ ಬೋರಲು ಮಲಗಿಸಿ, ಕೈಯಿಂದ ಹುಟ್ಟು ಹಾಕುವುದನ್ನೂ ಒಮ್ಮೆಗೇ ಎದ್ದು ನಿಲ್ಲುವುದನ್ನೂ ಹತ್ತಾರು ಸಲ ಮಾಡಿಸುತ್ತಾರೆ. ಬಿದ್ದರೆ ಹಲಗೆ ಕೈತಪ್ಪಿ ಹೋಗದಂತೆ ಕಾಲಿಗೆ ಹಗ್ಗ ಕಟ್ಟುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ದಡದಲ್ಲಿ ನಿಂತು ಕಡಲನ್ನು ನೋಡುವುದನ್ನು ಕಲಿಸುತ್ತಾರೆ. ಅಲೆಗಳು ಗುಂಪುಗುಂಪಾಗಿ ಬರುತ್ತವೆ. ದೊಡ್ಡವು ನಾಲ್ಕೈದು ಬಂದ ಮೇಲೆ ಸ್ವಲ್ಪ ಬಿಡುವು. ಅಲೆ ಎಲ್ಲಿ ಮುರಿಯುತ್ತದೆ, ಎಲ್ಲಿ ಮುರಿಯುವುದಿಲ್ಲ, ನೀರು ಯಾವ ದಾರಿಯಲ್ಲಿ ಬಂದು ಯಾವ ದಾರಿಯಲ್ಲಿ ಹಿಂದಿರುಗುತ್ತದೆ, ಭರತವೋ ಇಳಿತವೋ, ಗಾಳಿ ದಡದಿಂದ ಬೀಸುತ್ತಿದೆಯೋ ಕಡಲಿನಿಂದಲೋ, ಇಷ್ಟನ್ನೂ ಲೆಕ್ಕ ಹಾಕಿದ ಮೇಲೆ ಕಾಲು ನೀರಿಗೆ. ನೀರಿನಲ್ಲಿಯೂ ನಿಯಮವುಂಟು: ಅಲೆ ಮುರಿಯತೊಡಗಿದ ಜಾಗಕ್ಕೆ ಯಾರು ಹತ್ತಿರವೋ ಆ ಅಲೆ ಅವನದು, ಮತ್ತೊಬ್ಬ ಅಡ್ಡ ನುಗ್ಗಕೂಡದು. ನಮ್ಮ ಪಟ್ಟಣದ ಬಸ್ಸು ನಿಲ್ದಾಣಗಳಲ್ಲಿ ಕಾಣದ ಈ ಸರತಿಯ ಶಿಸ್ತನ್ನು ನೆಲವೇ ಇಲ್ಲದ ಕಡಲಿನಲ್ಲಿ ಪಾಲಿಸುವವರನ್ನು ನಾವು ‘ಹಾಯಾಗಿರುವವರು’ ಎಂದು ಕರೆಯುತ್ತೇವೆ!

ಅವರು ಹಾಯಾಗಿ ಕಾಣುವುದು ನಿಜ. ಅದು ಕಲಿತವನ ಹಾಯಿ. ಹತ್ತು ವರ್ಷ ಸಾಧನೆ ಮಾಡಿದ ವೈಣಿಕನ ಬೆರಳುಗಳು ಹಾಯಾಗಿ ಓಡುತ್ತವೆ; ಅದನ್ನು ಕಂಡು ವೀಣೆ ಸುಲಭವೆಂದು ಕೈಯಿಟ್ಟರೆ ಅಪಸ್ವರ ಬರುತ್ತದೆ, ಅಷ್ಟೆ. ಕಡಲಿನಲ್ಲಿ ಅಪಸ್ವರಕ್ಕೆ ಬೇರೆ ಬೆಲೆ.

ಸಸಿಹಿತ್ಲು ನಂದಿನಿ, ಶಾಂಭವಿ ಎರಡು ಹೊಳೆಗಳು ಕಡಲು ಸೇರುವ ಅಳಿವೆಯ ಊರು. ಅಲ್ಲಿ ಒಂದು ಬೆಳಿಗ್ಗೆ ನನ್ನ ಕಿವಿಗೆ ಬಿದ್ದ ಸಂಭಾಷಣೆಯೊಂದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಪಟ್ಟಣದಿಂದ ಬಂದ ಒಂದು ಸಂಸಾರ, ಗಂಡ, ಹೆಂಡತಿ, ಎರಡು ಮಕ್ಕಳು, ನೊರೆ ಏಳುತ್ತಿದ್ದ ಜಾಗವನ್ನು ಬಿಟ್ಟು ಸಪಾಟಾಗಿ ಕಾಣುತ್ತಿದ್ದ ಒಂದು ಕಡೆ ನೀರಿಗಿಳಿಯಲು ಹೊರಟಿತ್ತು. ಬಲೆ ಬಿಡಿಸುತ್ತಿದ್ದ ಮುದುಕನೊಬ್ಬ ತಲೆಯೆತ್ತಿ ಕೂಗಿದ:

“ಅಲ್ಲಿ ಇಳಿಯಬೇಡಿ ಮಾರಾಯ್ರೆ, ಅಲ್ಲಿ ಸೆಳೆತ ಉಂಟು.”

“ಅಲೆಯೇ ಇಲ್ವಲ್ಲ ಯಜಮಾನ್ರೇ, ನೀರು ಸುಮ್ಮನೆ ನಿಂತ ಹಾಗಿದೆ!” ಎಂದರು ಇವರು.

“ಅದಕ್ಕೇ ಹೇಳಿದ್ದು” ಎಂದು ಮುದುಕ ಮತ್ತೆ ಬಲೆಯತ್ತ ಬಾಗಿದ.

ಆ ಎರಡು ಪದಗಳಲ್ಲಿ ಇಡೀ ಶಾಸ್ತ್ರವಿದೆ. ನೀರಿನ ಆಳ ಅಲೆಯ ಎತ್ತರಕ್ಕಿಂತ ತುಸುವೇ ಹೆಚ್ಚಿರುವ ಕಡೆ, ಅಂದರೆ ಮರಳದಿಬ್ಬದ ಮೇಲೆ, ಅಲೆ ಮುರಿದು ನೊರೆಯಾಗುತ್ತದೆ. ಹಾಗೆ ದಡಕ್ಕೆ ನುಗ್ಗಿ ಬಂದ ನೀರೆಲ್ಲ ಹಿಂದಕ್ಕೆ ಹೋಗಬೇಕಷ್ಟೆ. ಅದು ಎರಡು ದಿಬ್ಬಗಳ ನಡುವಿನ ಆಳವಾದ ಓಣಿಯನ್ನು ಹುಡುಕಿಕೊಂಡು ಹೊಳೆಯಂತೆ ಕಡಲಿನತ್ತ ಹರಿಯುತ್ತದೆ. ಓಣಿ ಆಳವಾದ್ದರಿಂದ ಅಲ್ಲಿ ಅಲೆ ಮುರಿಯುವುದಿಲ್ಲ. ದಡದಲ್ಲಿ ನಿಂತವನ ಕಣ್ಣಿಗೆ ಅದೇ ಶಾಂತವಾದ ಜಾಗ. ಆ ಸೆಳೆತದ ವೇಗ ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರಿಗೂ ಮಿಕ್ಕುತ್ತದೆ. ಒಲಿಂಪಿಕ್ ಪದಕ ಗೆದ್ದ ಈಜುಗಾರನೂ ಅದಕ್ಕೆ ಎದುರಾಗಿ ಗೆಲ್ಲಲಾರ. ಅದು ಮನುಷ್ಯನನ್ನು ತಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಸಿಕ್ಕಿಬಿದ್ದವನು ಹೆದರಿ, ದಡದತ್ತಲೇ ಮುಖ ಮಾಡಿ ಈಜಿ ಈಜಿ, ಸೋತು ಮುಳುಗುತ್ತಾನೆ. ಬಲ್ಲವನು ಸೆಳೆತದೊಡನೆ ಜಗಳವಾಡುವುದಿಲ್ಲ. ತೇಲಿಕೊಂಡಿದ್ದು, ಕೈಯೆತ್ತಿ ಕರೆದು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ನೊರೆಯಿರುವ ದಿಬ್ಬದ ಕಡೆಗೆ ಸರಿದು ಅಲೆಗಳ ಜೊತೆಯಲ್ಲೇ ಹಿಂತಿರುಗುತ್ತಾನೆ. ಸರ್ಫಿಂಗ್‌ನವರಂತೂ ಇದೇ ಸೆಳೆತವನ್ನು ಬಂಡಿಯಂತೆ ಬಳಸಿಕೊಂಡು ಒಳಕ್ಕೆ ಹೋಗುತ್ತಾರೆ. ಒಬ್ಬನಿಗೆ ಮೃತ್ಯುವಾದದ್ದು ಇನ್ನೊಬ್ಬನಿಗೆ ವಾಹನ. ನಡುವಿನ ವ್ಯತ್ಯಾಸ ತಿಳಿವಳಿಕೆಯೊಂದೇ.

ಅಂತೂ ಕಡಲಿನಲ್ಲಿ ‘ನಿರಾಳ’ವಾಗಿ ಕಾಣುವ ಜಾಗವೇ ಹೆಚ್ಚು ಅಪಾಯದ ಜಾಗ. ಈ ಒಂದು ವಾಕ್ಯವನ್ನು ನಮ್ಮ ಪ್ರವಾಸದ ಬರಹಗಳಲ್ಲಿ ಹುಡುಕಿ ನೋಡಿ. ಯಾವ ಹೋಟೆಲಿನಲ್ಲಿ ಯಾವ ಮೀನಿನ ಊಟ ಚೆನ್ನ, ಸೂರ್ಯಾಸ್ತದ ಪಟ ತೆಗೆಯಲು ಎಲ್ಲಿ ನಿಲ್ಲಬೇಕು ಎಂಬುದು ಸಿಗುತ್ತದೆ. ಇದು ಸಿಗುವುದಿಲ್ಲ.

ಇದು ಬರಿಯ ಮಾತಿನ ವಿವಾದವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿಶಾಲೆಯೊಂದರಿಂದ ಪ್ರವಾಸ ಬಂದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಬಯಲುಸೀಮೆಯ ಮಕ್ಕಳು, ಅವರಿಗೆ ಕಡಲು ಎಂಥ ಬೆರಗಾಗಿ ಕಂಡಿರಬೇಕು! ಅದಕ್ಕೂ ಮೂರು ವಾರ ಮುಂಚೆ, ನವೆಂಬರ್ 17ರಂದು, ಮಂಗಳೂರಿನ ಬಳಿಯ ಒಂದು ವಿಹಾರಗೃಹದ ಈಜುಕೊಳದಲ್ಲಿ ಮೈಸೂರಿನ ಮೂವರು ವಿದ್ಯಾರ್ಥಿನಿಯರು ಮುಳುಗಿದರು. ಒಬ್ಬಳನ್ನು ಉಳಿಸಲು ಇನ್ನೊಬ್ಬಳು, ಅವಳನ್ನು ಉಳಿಸಲು ಮತ್ತೊಬ್ಬಳು. ಆ ಕೊಳದಲ್ಲಿ ಅಲೆಯೂ ಇರಲಿಲ್ಲ, ಸೆಳೆತವೂ ಇರಲಿಲ್ಲ. ಆಳ ಆಳೆತ್ತರದ ಆಸುಪಾಸು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಕೊಡುವ ಲೆಕ್ಕದಂತೆ ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ನೀರಿನಲ್ಲಿ ಮುಳುಗಿ ಸಾಯುವವರು ವರ್ಷಕ್ಕೆ 30,000ಕ್ಕೂ ಹೆಚ್ಚು. ಇವರಲ್ಲಿ ಕಡಲಿನ ಪಾಲು ಸಣ್ಣದು; ಕೆರೆ, ಬಾವಿ, ನದಿ, ಕಾಲುವೆಗಳ ಪಾಲೇ ದೊಡ್ಡದು. ಆದರೆ ರೋಗ ಒಂದೇ: ನೀರಿನ ಪಕ್ಕದಲ್ಲಿ ಬಾಳುತ್ತ ನೀರನ್ನು ಅರಿಯದ ರೋಗ.

ಇಂಥ ದುರಂತವಾದಾಗಲೆಲ್ಲ ನಾವು ಮಾಡುವುದೇನು? ಮೂರು ಕೆಲಸ. ಒಬ್ಬರನ್ನು ಹಿಡಿದು ಹೊಣೆ ಮಾಡುತ್ತೇವೆ, ಪರಿಹಾರಧನ ಘೋಷಿಸುತ್ತೇವೆ, ದಡವನ್ನು ಮುಚ್ಚುತ್ತೇವೆ. ಮುರುಡೇಶ್ವರದಲ್ಲಿಯೂ ದಡಕ್ಕೆ ಹೋಗದಂತೆ ನಿರ್ಬಂಧ ಹಾಕಲಾಯಿತು. ಶೋಕದ ಮರುದಿನ ಅದು ತಪ್ಪೆನ್ನಲಾರೆ. ಆದರೆ ನಿಷೇಧವೇ ನೀತಿಯಾಗಿ ಕುಳಿತರೆ? ನಮ್ಮ ರಾಜ್ಯದ ಕಡಲಂಚು ಮುನ್ನೂರು ಕಿಲೋಮೀಟರಿಗೂ ಉದ್ದ. ಅಷ್ಟಕ್ಕೂ ಹಗ್ಗ ಕಟ್ಟುವುದಾಗಲಿ, ಮಾರಿಗೊಬ್ಬ ಪೊಲೀಸನನ್ನು ನಿಲ್ಲಿಸುವುದಾಗಲಿ ಆಗುವ ಮಾತಲ್ಲ. ‘ಇಲ್ಲಿ ಈಜಬಾರದು’ ಎಂಬ ಹಲಗೆ ನೆಟ್ಟ ಜಾಗದಿಂದ ಐವತ್ತು ಗಜ ನಡೆದು ಇನ್ನೊಂದು ಜಾಗದಲ್ಲಿ ಇಳಿಯುತ್ತಾರೆ. ಅಲ್ಲಿ ಹಲಗೆಯಿಲ್ಲವಾದ್ದರಿಂದ ಅಪಾಯವೂ ಇಲ್ಲವೆಂದು ತಿಳಿಯುತ್ತಾರೆ. ನಿಷೇಧ ಯಾವಾಗಲೂ ಹಾಗೆಯೇ. ಎಲ್ಲಿ ಇಳಿಯಬಾರದೆಂದು ಹೇಳೀತು, ಏಕೆ ಎಂದು ಕಲಿಸದು.

ಬೇರೆ ದೇಶದವರು ಈ ದಾರಿಯನ್ನು ನಮಗಿಂತ ಮೊದಲೇ ನಡೆದು ನೋಡಿದ್ದಾರೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ 19ನೆಯ ಶತಮಾನದಲ್ಲಿ ಹಗಲು ಹೊತ್ತು ನಾಲ್ವರ ಕಣ್ಣಿಗೆ ಬೀಳುವಂತೆ ಕಡಲಸ್ನಾನ ಮಾಡುವುದು ಕಾನೂನಿಗೆ ವಿರುದ್ಧವಾಗಿತ್ತು. ಪ್ರಾಣಭಯದಿಂದಲ್ಲ, ಮಾನಭಯದಿಂದ. 1902ರಲ್ಲಿ ಸಿಡ್ನಿಯ ಬಳಿಯ ಮ್ಯಾನ್ಲಿಯಲ್ಲಿ ವಿಲಿಯಂ ಗೋಷರ್ ಎಂಬ ಪತ್ರಕರ್ತ ತನ್ನ ಪತ್ರಿಕೆಯಲ್ಲಿ ಮೊದಲೇ ಸಾರಿ, ಹಾಡುಹಗಲೇ ನೀರಿಗಿಳಿದ. ನಿಷೇಧ ಸಡಿಲಿತು, ಜನ ಕಡಲಿಗೆ ನುಗ್ಗಿದರು, ಈಜು ಬಾರದವರು ಮುಳುಗತೊಡಗಿದರು. ಆಗ ಆ ಜನ ನಿಷೇಧವನ್ನು ಮರಳಿ ತನ್ನಿರೆಂದು ಕೂಗಲಿಲ್ಲ. ದಂಡೆದಂಡೆಯಲ್ಲೂ ಜೀವರಕ್ಷಕ ಸಂಘಗಳನ್ನು ಕಟ್ಟಿದರು. 1907ರ ಹೊತ್ತಿಗೆ ಆ ಸಂಘಗಳೆಲ್ಲ ಕೂಡಿ ಒಂದು ಒಕ್ಕೂಟವೇ ಆಯಿತು. 1938ರ ಫೆಬ್ರವರಿ 6ರಂದು ಬಾಂಡೈ ದಂಡೆಯಲ್ಲಿ ದೊಡ್ಡ ಅಲೆಗಳು ಒಂದರ ಹಿಂದೊಂದು ಬಂದು ಸುಮಾರು 250 ಜನರನ್ನು ಆಳಕ್ಕೆ ಒಯ್ದವು. ಸಂಘದವರು ಅಲ್ಲಿದ್ದರು, ಸತ್ತವರು ಐವರು. ಐದು ಪ್ರಾಣಗಳೂ ಅಮೂಲ್ಯವೇ. ಆದರೆ ಕಲಿತವರು ದಡದಲ್ಲಿರದಿದ್ದರೆ ಆ ಸಂಖ್ಯೆ ಎಷ್ಟಾಗುತ್ತಿತ್ತೆಂದು ಊಹಿಸಿಕೊಳ್ಳಿ. ಇಂದಿಗೂ ಅಲ್ಲಿ ಜೀವರಕ್ಷಕರು ಆ ದಿನದ ಸೆಳೆತವನ್ನು ನೋಡಿ, ಕೆಂಪು ಹಳದಿ ಬಾವುಟಗಳೆರಡನ್ನು ನೆಟ್ಟು, ಅವುಗಳ ನಡುವೆ ಮಾತ್ರ ಈಜಿರೆಂದು ಹೇಳುತ್ತಾರೆ. ‘ಇಲ್ಲಿ ಇಳಿಯಬೇಡ’ ಎಂಬುದಕ್ಕಿಂತ ‘ಇಲ್ಲಿ ಇಳಿ’ ಎಂಬ ಮಾತು ಹೆಚ್ಚು ಪ್ರಾಣ ಉಳಿಸುತ್ತದೆ.

ಸರ್ಫಿಂಗ್ ಹಲಗೆಗೂ ಜೀವರಕ್ಷಣೆಗೂ ಇರುವ ನಂಟು ಹೊಸದಲ್ಲ. ಹವಾಯಿಯ ಡ್ಯೂಕ್ ಕಹನಮೊಕು 1912ರ ಒಲಿಂಪಿಕ್‌ನಲ್ಲಿ ಈಜಿ ಚಿನ್ನದ ಪದಕ ಗೆದ್ದವನು, ಸರ್ಫಿಂಗನ್ನು ಲೋಕಕ್ಕೆ ಪರಿಚಯಿಸಿದವನು. 1925ರಲ್ಲಿ ಕ್ಯಾಲಿಫೋರ್ನಿಯದ ನ್ಯೂಪೋರ್ಟ್ ದಡದಲ್ಲಿ ‘ತೆಲ್ಮಾ’ ಎಂಬ ದೋಣಿ ಮಗುಚಿದಾಗ ಅವನು ತನ್ನ ಹಲಗೆಯ ಮೇಲೆ ಮತ್ತೆ ಮತ್ತೆ ಅಲೆಗಳನ್ನು ಸೀಳಿ ಹೋಗಿ ಎಂಟು ಮಂದಿಯನ್ನು ದಡ ಸೇರಿಸಿದ. ಆಟದ ಹಲಗೆ ಆಪತ್ತಿನ ದೋಣಿಯೂ ಹೌದೆಂದು ಆ ದಿನ ಲೋಕಕ್ಕೆ ತಿಳಿಯಿತು. ನಮ್ಮ ಮುಲ್ಕಿಯ ಹುಡುಗರ ಬಗಲಲ್ಲಿ ಆ ದೋಣಿ ಇದೆ. ಅದನ್ನು ನಾವು ಪಟ ತೆಗೆಯುವ ವಸ್ತುವೆಂದು ಮಾತ್ರ ಬಲ್ಲೆವು.

ಇದು ಪರದೇಶದ ಆಟ, ನಮ್ಮ ಸಂಸ್ಕೃತಿಗೆ ಒಗ್ಗದು ಎನ್ನುವವರಿದ್ದಾರೆ. ಅವರು ತಿಳಿಯಬೇಕಾದ ಸಂಗತಿಯೊಂದಿದೆ. ಇದು ಬಿಳಿಯರ ಆಟವಲ್ಲ. ಹವಾಯಿ ಮೊದಲಾದ ದ್ವೀಪಗಳ ಮೂಲನಿವಾಸಿಗಳದು. ಅಲ್ಲಿ ಅರಸರೂ ಆಡುತ್ತಿದ್ದರು, ಸಾಮಾನ್ಯರೂ ಆಡುತ್ತಿದ್ದರು, ಗಂಡಸರೂ ಹೆಂಗಸರೂ ಆಡುತ್ತಿದ್ದರು. 1820ರಿಂದ ಅಲ್ಲಿಗೆ ಬಂದ ಪಾದ್ರಿಗಳೇ ಇದನ್ನು ಸೋಮಾರಿತನವೆಂದೂ ಅಸಭ್ಯವೆಂದೂ ಕಂಡವರು. ಅವರ ಆ ಕಣ್ಣನ್ನು ಎರವಲು ತಂದು ನಮ್ಮ ಸಂಸ್ಕೃತಿಯ ಹೆಸರಿನಲ್ಲಿ ಬಳಸುವುದು ವಿಚಿತ್ರ. ಇನ್ನು ನಮ್ಮ ಕರಾವಳಿಯವರು ನೂಲಹುಣ್ಣಿಮೆಯ ದಿನ ಕಡಲಿಗೆ ಹಾಲೆರೆದು, ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡುತ್ತಾರೆ. ಕಡಲನ್ನು ತಾಯಿಯೆನ್ನುವ ಆ ಜನ ಅವಳ ಮುಂಗೋಪವನ್ನೂ ಬಲ್ಲರು. ನಾವು ತಾಯಿಯೆಂಬ ಮಾತನ್ನು ಮಾತ್ರ ಬಾಯಿಪಾಠ ಮಾಡಿದ್ದೇವೆ.

ಮತ್ತೆ ಕೆಲವರು, ‘ಹುಟ್ಟು ಮೀನುಗಾರರೇ ಕಡಲಿನಲ್ಲಿ ಸಾಯುತ್ತಾರೆ, ನಾಲ್ಕು ದಿನ ಕಲಿತವನ ಪಾಡೇನು?’ ಎನ್ನುತ್ತಾರೆ. ಮೀನುಗಾರರು ಸಾಯುವುದು ಹೊಟ್ಟೆಪಾಡಿಗಾಗಿ ಹೋಗಬಾರದ ದಿನವೂ ಹೋಗಬೇಕಾಗಿ ಬರುವುದರಿಂದ. ನಮ್ಮವರು ಸಾಯುವುದು ಹೋಗಬಾರದ ದಿನ ಯಾವುದೆಂದು ತಿಳಿಯದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ವಾಹನ ನಡೆಸಬಲ್ಲವರೂ ರಸ್ತೆಯಲ್ಲಿ ಸಾಯುತ್ತಾರೆಂದು ಯಾರೂ ಕಣ್ಣುಕಟ್ಟಿಕೊಂಡು ರಸ್ತೆ ದಾಟುವುದಿಲ್ಲ.

ನಿಜಕ್ಕೂ ನೀರು ನಮಗೆ ಇಷ್ಟು ಅಪರಿಚಿತವಾದದ್ದು ಹಿಂದಿನಿಂದಲ್ಲ. ಬಯಲುಸೀಮೆಯ ಹಳ್ಳಿಗಳಲ್ಲಿ ಬೆನ್ನಿಗೆ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಸೋದರಮಾವನೋ ಅಣ್ಣನೋ ಬಾವಿಗೆ ನೂಕಿ, ಹುಡುಗರಿಗೆ ಈಜು ಕಲಿಸುತ್ತಿದ್ದ ಕಾಲವಿತ್ತು. ಬೆಂಗಳೂರೆಂಬುದೇ ಕೆರೆಗಳ ಊರು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಮನೆಯ ಹತ್ತಿರದ ನೀರನ್ನು ಮಣ್ಣು ಹಾಕಿ ಮುಚ್ಚಿ, ಆ ಮಣ್ಣಿನ ಮೇಲೆ ಕಟ್ಟಿದ ನಿಲ್ದಾಣದಿಂದಲೇ ಬಸ್ಸು ಹತ್ತಿ, ಮುನ್ನೂರೈವತ್ತು ಕಿಲೋಮೀಟರು ದೂರದ ನೀರನ್ನು ನೋಡಲು ಹೋಗುವವರು ನಾವು! ಎರಡು ತಲೆಮಾರಿನಲ್ಲಿ ನೀರು ನಮ್ಮ ಕೈಕಾಲುಗಳಿಂದ ಜಾರಿ ಕಣ್ಣಿಗೆ ಮಾತ್ರ ಉಳಿದುಕೊಂಡಿದೆ.

ಅದರಲ್ಲಿಯೂ ಹೆಣ್ಣುಮಕ್ಕಳ ಪಾಡು ಬೇರೆ. ಹಳೆಯ ಕಾಲದ ಬಾವಿಯ ಪಾಠವೂ ಬಹುಮಟ್ಟಿಗೆ ಹುಡುಗರದೇ. ಹುಡುಗಿಗೆ ಸಂಗೀತ ಕಲಿಸಿದೆವು, ಭರತನಾಟ್ಯ ಕಲಿಸಿದೆವು, ಗಣಕಯಂತ್ರ ಕಲಿಸಿದೆವು. ಈಜಿನ ಮಾತು ಬಂದಾಗ ಉಡುಪಿನ ಚಿಂತೆ, ಮೈಬಣ್ಣದ ಚಿಂತೆ, ನೋಡುವವರ ಚಿಂತೆ. ಮೇಲೆ ಹೇಳಿದ ಎರಡು ದುರಂತಗಳಲ್ಲಿ ಹೋದ ಏಳು ಜೀವಗಳೂ ಹೆಣ್ಣುಮಕ್ಕಳವು ಎಂಬುದನ್ನು ಮರೆಯಬಾರದು. ಅಲೆ ಯಾರ ಉಡುಪನ್ನೂ ವಿಚಾರಿಸುವುದಿಲ್ಲ. ಇದಕ್ಕೆ ಉತ್ತರವೂ ಮುಲ್ಕಿಯ ಕಡೆಯಿಂದಲೇ ಬಂದಿದೆ: ಹಲಗೆಯ ಮೇಲೆ ನಿಂತು ಹುಟ್ಟು ಹಾಕಿ ಸಾಗುವ ಸ್ಪರ್ಧೆಯಲ್ಲಿ ಭಾರತವನ್ನು ಪ್ರತಿನಿಧಿಸಿದ ತನ್ವಿ ಜಗದೀಶ್ ಈ ಕಡಲಿನಲ್ಲಿ ಪಳಗಿದವರು. ಒಬ್ಬಳಿಗೆ ಸಾಧ್ಯವಾದದ್ದು ಉಳಿದವರಿಗೆ ಅಸಾಧ್ಯವೇನೂ ಅಲ್ಲ. ಎಲ್ಲರೂ ಪದಕ ಗೆಲ್ಲಬೇಕಿಲ್ಲ. ನೀರಿನಲ್ಲಿ ಹತ್ತು ನಿಮಿಷ ತೇಲಬಲ್ಲಷ್ಟು ಕಲಿತರೆ ಸಾಕು.

ಹಾಗಾದರೆ ಆಗಬೇಕಾದ್ದೇನು? ಅಸಾಧ್ಯವಾದುದನ್ನು ನಾನು ಕೇಳುತ್ತಿಲ್ಲ. ನಮ್ಮ ಶಾಲೆಗಳಲ್ಲಿ ವ್ಯಾಯಾಮ ಶಿಕ್ಷಣವೆಂಬ ಪಾಠವಿದೆ. ಜಿಲ್ಲಾ ಕೇಂದ್ರಗಳಲ್ಲಿ ಈಜುಕೊಳಗಳಿವೆ. ಇವೆರಡನ್ನೂ ಗಂಟುಹಾಕಿ, ಪ್ರತಿಯೊಂದು ಮಗುವಿಗೂ ತೇಲುವುದನ್ನು ಕಲಿಸಬೇಕು. ಹುಡುಗಿಯರಿಗೆ ಹೆಂಗಸರೇ ಕಲಿಸುವ ಏರ್ಪಾಟಾಗಬೇಕು. ಕೊಳವಿಲ್ಲದ ಕಡೆ, ಮುಳುಗುತ್ತಿರುವವರ ಹಿಂದೆ ಧುಮುಕಬೇಡ, ಹಗ್ಗವನ್ನೋ ಕೋಲನ್ನೋ ಬಟ್ಟೆಯನ್ನೋ ಎಸೆ ಎಂಬ ಒಂದು ಪಾಠವನ್ನಾದರೂ ಹೇಳಿಕೊಡಬೇಕು. ಇದಕ್ಕೆ ನೀರೂ ಬೇಡ, ಹಣವೂ ಬೇಡ. ಕಡಲತಡಿಯ ಊರುಗಳಲ್ಲಿ ಮೀನುಗಾರರ ಮನೆಯ ಹುಡುಗರನ್ನೂ ಸರ್ಫಿಂಗ್ ಕಲಿತವರನ್ನೂ ವರ್ಷವಿಡೀ ಸಂಬಳ ಕೊಟ್ಟು ಜೀವರಕ್ಷಕರನ್ನಾಗಿ ನೇಮಿಸಬೇಕು. ಒಂದು ಸೀಟಿ, ಒಂದು ಬಣ್ಣದ ಅಂಗಿ ಕೊಟ್ಟು ಬಿಸಿಲಿನಲ್ಲಿ ನಿಲ್ಲಿಸಿದರೆ ಆಗಲಿಲ್ಲ. ಹಲಗೆ ಬೇಕು, ತರಬೇತಿ ಬೇಕು, ಬಾವುಟ ನೆಡುವ ಅಧಿಕಾರ ಬೇಕು. ಮಳೆಗಾಲ ಕಳೆದೊಡನೆ ಮರಳದಿಬ್ಬಗಳ ಜಾಗ ಬದಲಾಗುತ್ತದೆ. ಅಳಿವೆಯ ಬಾಯಿಯೇ ಸರಿಯುತ್ತದೆ. ಕಡಲ್ಕೊರೆತ ದಂಡೆಯನ್ನೇ ತಿನ್ನುತ್ತದೆ. ಕಳೆದ ವರ್ಷದ ಎಚ್ಚರಿಕೆಯ ಫಲಕ ಈ ವರ್ಷಕ್ಕೆ ಸುಳ್ಳಾಗಬಹುದು. ಇವತ್ತಿನ ಕಡಲನ್ನು ಇವತ್ತೇ ನೋಡಿದ ಮನುಷ್ಯನ ಮಾತು ಮಾತ್ರ ನಿಜ. ಶಾಲೆಯ ಪ್ರವಾಸದ ಬಸ್ಸು ದಂಡೆಗೆ ಬಂದರೆ, ಮಕ್ಕಳು ಇಳಿಯುವ ಮುನ್ನ ಅಂಥ ಒಬ್ಬ ಮನುಷ್ಯ ಬಸ್ಸಿನೊಳಗೆ ಹತ್ತಿ ಹತ್ತು ನಿಮಿಷ ಮಾತಾಡಲಿ. ಮಕ್ಕಳಿಗೆ ಮೊದಲು ದಕ್ಕಬೇಕಾದ ಪ್ರವಾಸದ ಪಾಠ ಅದೇ.

ಸರಕಾರದ ಪಾಲು ಹೀಗಿದ್ದರೆ, ನಮ್ಮ ಪಾಲೂ ಇದೆ. ಮುಲ್ಕಿಗೋ ಸಸಿಹಿತ್ಲಿಗೋ ಗೋಕರ್ಣಕ್ಕೋ ಹೋಗಬೇಡಿರೆಂದು ನಾನು ಹೇಳುವುದಿಲ್ಲ, ಖಂಡಿತ ಹೋಗಿ. ಆದರೆ ದಂಡೆಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಸೂರ್ಯಾಸ್ತ ಎಷ್ಟು ಗಂಟೆಗೆ?’ ಎಂಬುದಾಗದೆ, ‘ಇವತ್ತು ಸೆಳೆತ ಎಲ್ಲುಂಟು?’ ಎಂಬುದಾಗಲಿ. ಬಲೆ ಬಿಡಿಸುವವನು ಹೇಳುತ್ತಾನೆ, ಹಲಗೆ ಹೊತ್ತವನು ಹೇಳುತ್ತಾನೆ. ಇಳಿಯಬೇಡಿ ಎಂದರೆ ಮರುಮಾತಿಲ್ಲದೆ ಹಿಂದೆ ಬನ್ನಿ. ಸಾಧ್ಯವಾದರೆ ಎರಡು ದಿನದ ಆಲಸ್ಯಕ್ಕೆ ಬದಲಾಗಿ ಎರಡು ದಿನದ ಪಾಠ ಹೇಳಿಸಿಕೊಳ್ಳಿ. ಹಲಗೆಯ ಮೇಲೆ ನಿಲ್ಲಲು ಬಾರದಿದ್ದರೂ ಚಿಂತೆಯಿಲ್ಲ. ಕಡಲನ್ನು ನೋಡುವ ಕಣ್ಣು ಬಂದೀತು.

ಬೇಸಗೆಯ ರಜೆಗೆ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕೆಂಬ ಚರ್ಚೆ ಪ್ರತಿ ವರ್ಷವೂ ನಮ್ಮ ಮನೆಗಳಲ್ಲಿ ನಡೆಯುತ್ತದೆ. ಕಡಲಿಗೆ ಎಂದು ನಿಶ್ಚಯವಾದರೆ ಬಸ್ಸಿನ ಟಿಕೆಟ್ಟಿಗೆ ಆತುರಪಡಬೇಡಿ. ಅದಕ್ಕೆ ಮೂರು ತಿಂಗಳು ಮೊದಲೇ ಮಗನನ್ನೂ ಮಗಳನ್ನೂ ಹತ್ತಿರದ ಈಜುಕೊಳಕ್ಕೆ ಸೇರಿಸಿ, ಮಗಳನ್ನು ಮೊದಲು. ನಿಮಗೂ ಈಜು ಬಾರದಿದ್ದರೆ ನಾಚಿಕೆ ಬಿಟ್ಟು ಅವರ ಜೊತೆಗೆ ನೀವೂ ಸೇರಿಕೊಳ್ಳಿ. ಕಡಲು ಎಲ್ಲಿಗೂ ಹೋಗುವುದಿಲ್ಲ; ಮೂರು ತಿಂಗಳು ಕಾಯುತ್ತದೆ.